ಮಾಣಿಕಮ್ಮ ಫ್ರೀ ಅದಾಳ

ಹವಳಗಾದ ಹತ್ತಿರದ ಊರಿನ ಮಾಣಿಕಮ್ಮನಿಗೆ ಗೊತ್ತಿರುವ ಇಂಗ್ಲಿಷ್ ಒಂದೇ ಶಬ್ದ, ಫ್ರೀ. ಶಾಲೆಯಲ್ಲಿ ಕಲಿತದ್ದಲ್ಲ, ಊರವರ ಬಾಯಲ್ಲಿ ಕೇಳಿ ಕೇಳಿ ಬಂದದ್ದು. ರೇಶನ್ ಅಕ್ಕಿ ಫ್ರೀ, ಹೆಂಗಸರಿಗೆ ಬಸ್ ಫ್ರೀ, ಊರಿಗೆಲ್ಲ ಮಾಣಿಕಮ್ಮ ಫ್ರೀ.

ಮದುವೆಯಾದ ವರ್ಷದೊಳಗೇ ಗಂಡ ತೀರಿಕೊಂಡು, ಅಣ್ಣ ಕಲ್ಯಾಣಪ್ಪನ ಮನೆಗೆ ಮರಳಿದವಳು. ಮಕ್ಕಳಿಲ್ಲ, ಮರಿಯಿಲ್ಲ. ಅಂದಮೇಲೆ ಅವಳಿಗೇನು ಕೆಲಸ? ನಸುಕಿನಲ್ಲೆದ್ದು ಮನೆಮಂದಿಗೆಲ್ಲ ರೊಟ್ಟಿ ಬಡಿಯುವುದನ್ನು, ಎಮ್ಮೆ ಹಿಂಡುವುದನ್ನು ಆ ಮನೆಯಲ್ಲಿ ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಡಸಾಲೆಯಲ್ಲಿ ಬಸವಣ್ಣನ ಫೋಟೋ ಇತ್ತು. ಕಾಯಕದ ಮಾತು ಕಲ್ಯಾಣಪ್ಪನಿಗೆ, ಕಾಯಕ ತಂಗಿಗೆ.

ಓಣಿಯಲ್ಲಿ ಯಾರೇ ಕಲಬುರಗಿಯ ದವಾಖಾನೆ ಸೇರಲಿ, ಹತ್ತಿರ ಇರಲು ಅವಳೇ ಬೇಕು. "ಮಾಣಿಕಮ್ಮ ಫ್ರೀ ಅದಾಳ, ಕರ್ಕೊಂಡು ಹೋಗ್ರಿ." ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜನ! ಅತ್ತಿಗೆಯ ಆಪರೇಷನ್, ಅಣ್ಣನ ಮಗ ಸಿದ್ದಲಿಂಗನ ಮುರಿದ ಕಾಲು, ಪಕ್ಕದ ಮನೆಯ ಪೀರಬಿಯ ಹೆರಿಗೆ, ಎಲ್ಲಕ್ಕೂ ಮಂಚದ ಪಕ್ಕ ಚಾಪೆ ಹಾಸಿದವಳು ಅವಳೇ.

ಹೋದ ವರ್ಷ ಅವಳ ಕಣ್ಣಿಗೇ ಪೊರೆ ಬಂತು. ಆಪರೇಷನ್‌ಗೆ ಜೊತೆಯಲ್ಲಿ ಒಬ್ಬರು ಇರಲೇಬೇಕು ಎಂದರು ಡಾಕ್ಟರ್. ಅಣ್ಣನಿಗೆ ಕಬ್ಬಿನ ಕಟಾವು, ಸಿದ್ದಲಿಂಗನಿಗೆ ಅಂಗಡಿ, ಅತ್ತಿಗೆಗೆ ಮಠದಲ್ಲಿ ಪುರಾಣ.

"ಈಗ ಯಾರೂ ಫ್ರೀ ಇಲ್ಲವ್ವಾ, ಮುಂದ ನೋಡೂಣು ತಗೋ," ಎಂದ ಕಲ್ಯಾಣಪ್ಪ.

ಅವಳು ಒಬ್ಬಳೇ ಬಸ್ ಹತ್ತಿ ಹೋದಳು.

"ಜೋಡಿ ಯಾರ್ ಬಂದಾರ?" ಎಂದು ನರ್ಸ್ ಕೇಳಿದಳು.

"ಯಾರೂ ಇಲ್ರಿ."

"ಹಂಗ ಸೇರಿಸ್ಕೊಳ್ಳಾಕ ಬರಂಗಿಲ್ಲವ್ವ."

ಎಷ್ಟೋ ಜನರ ಕಾಳಜಿ ಮಾಡಿದ ದವಾಖಾನೆಯ ಬಾಗಿಲಿಂದ ಮಾಣಿಕಮ್ಮ ಹಾಗೇ ತಿರುಗಿ ಬಂದಳು. ಯಾರ ಮುಂದೆಯೂ ಅಳಲಿಲ್ಲ. ಈ ಮಳೆಗಾಲದ ಹೊತ್ತಿಗೆ ತವೆಯ ಮೇಲಿನ ರೊಟ್ಟಿ ಕೂಡ ಮಬ್ಬಾಯಿತು.

ಆಗ ಕಲ್ಯಾಣಪ್ಪನಿಗೆ ಹರ್ನಿಯಾ ಆಪರೇಷನ್ ನಿಗದಿಯಾಯಿತು. ಸಿದ್ದಲಿಂಗ ಅವಳ ಚಾಪೆ ಸುತ್ತಿ, ಸೀರೆಗಳನ್ನು ಚೀಲಕ್ಕೆ ತುಂಬಿ ತಂದಿಟ್ಟ. ಕೇಳುವ ಗೊಡವೆಗೂ ಹೋಗಲಿಲ್ಲ.

"ಅತ್ತಿ, ಏಳು. ಜೀಪ್ ಬಂದದ."

ಕಟ್ಟೆಯ ಮೇಲಿದ್ದ ಮಾಣಿಕಮ್ಮ ಏಳಲಿಲ್ಲ.

"ನಾ ಫ್ರೀ ಇಲ್ಲೋ ತಮ್ಮಾ."

"ನಿನಗೇನ್ ಕೆಲಸ ಅದ?"

"ಕುಂತೇನಿ."

ಅವನು ತಮಾಷೆಯೆಂದು ನಕ್ಕ. ಅವಳು ಚಾಪೆಯನ್ನು ಎಳೆದುಕೊಂಡು, ಕಟ್ಟೆಯ ಮೇಲೆ ಹಾಸಿ, ಅದರ ಮೇಲೆ ತಾನೇ ಮಲಗಿದಳು.