ಕಂಪ್ಯೂಟರು ಹಾಕಿದ ಕೊಸರು

ಮೊನ್ನೆ ಬೈಲಹೊಂಗಲದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. "ಮೇಡಂ, ಇದಕ್ಕ ಕೂಡಿಸಾಕ ಬರೂದಿಲ್ಲ ನೋಡ್ರಿ!" ಹೋಗಿ ನೋಡಿದೆ. 0.1ಕ್ಕೆ 0.2 ಕೂಡಿಸು ಅಂದರೆ ಕಂಪ್ಯೂಟರು 0.30000000000000004 ಎಂದು ಬರೆದು ಕೂತಿತ್ತು. ಇದನ್ನೇ ಪಾಠ ಹೇಳುವವಳಿಗೆ ಹೊಸದೇನಲ್ಲ. ಆದರೂ ಆ ಕೊನೆಯ ನಾಲ್ಕನ್ನು ನೋಡಿ ಅವತ್ತು ಬಾಯಿಂದ ತಾನಾಗಿಯೇ ಬಂತು: "ಅಯ್ಯ, ಕೊಸರು ಹಾಕೇತಲ್ಲ!"

ಹುಡುಗಿ ಮಿಕಿಮಿಕಿ ನೋಡಿದಳು. ಪ್ಯಾಕೆಟ್ ಹಾಲಿನ ಕಾಲದವಳು, ಪಾಪ. ನಿಮಗಾದರೂ ಗೊತ್ತಿರಬೇಕು: ಅಳೆದು ಕೊಟ್ಟಾದ ಮೇಲೆ ಮಾರುವವಳು ಪ್ರೀತಿಗೆ ಒಂದಿಷ್ಟು ಸುರಿಯುತ್ತಾಳಲ್ಲ, ಅದೇ ಕೊಸರು.

ನನ್ನ ಚಿಗವ್ವ ಮುರಗೋಡದಲ್ಲಿ ಹಾಲು ಮೊಸರು ಮಾರುತ್ತಿದ್ದಳು. ಹೆತ್ತವ್ವ ತೀರಿಕೊಂಡಾಗ ನಾನಿನ್ನೂ ಶಾಲೆಯ ಮುಖ ನೋಡದ ಕೂಸು. ಅವ್ವನ ತಂಗಿಯಾದ ಇವಳೇ ನನ್ನನ್ನು ಎತ್ತಿಕೊಂಡು ಬಂದು ತನ್ನ ಮಗಳು ನೀಲವ್ವನ ಜೊತೆ ಸಾಕಿದಳು. ಅವಳ ಅಳತೆಯ ಮಾಪುಗಳೆಲ್ಲ ಅರ್ಧದ ಅರ್ಧ: ಸೇರು, ಅದರ ಅರ್ಧ, ಅದರದ್ದೂ ಅರ್ಧ. ಯಾರಾದರೂ ಸೇರಿನ ಹತ್ತನೇ ಒಂದು ಪಾಲು ಕೇಳಿದರೆ ಮುಗಿಯಿತು. ಈ ಮಾಪಿಗೆ ಕಡಿಮೆ, ಆ ಮಾಪಿಗೆ ಹೆಚ್ಚು. ಚಿಗವ್ವ ತಲೆ ಕೆಡಿಸಿಕೊಳ್ಳದೆ ಹತ್ತಿರದ್ದನ್ನು ಅಳೆದು, ಕೊಸರು ಹಾಕಿ, "ಹೋಗಿ ಬರ್ರಿ" ಎನ್ನುತ್ತಿದ್ದಳು.

ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದೂ ಇವೇ ಅರ್ಧದ ಅರ್ಧದ ಮಾಪುಗಳು. ಹತ್ತನೇ ಒಂದು ಪಾಲು ಅದಕ್ಕೂ ಜನ್ಮದಲ್ಲಿ ಸರಿಯಾಗಿ ಕೂಡಿಬರುವುದಿಲ್ಲ. ಹತ್ತಿರದ್ದನ್ನು ಹಿಡಿದು ಸುಮ್ಮನಾಗುತ್ತದೆ; ಆ ತುಸು ವ್ಯತ್ಯಾಸವೇ ಕೂಡಿಸಿದಾಗ ಕೊನೆಯ ನಾಲ್ಕಿನ ಬಾಲವಾಗುತ್ತದೆ. ಕೆಲವು ಪ್ರೋಗ್ರಾಮಿಂಗ್ ಭಾಷೆಗಳು ಮರ್ಯಾದಸ್ಥರ ಹಾಗೆ, ನಾಲ್ಕು ಜನರೆದುರು ತೋರಿಸುವಾಗ ಬಾಲ ಕತ್ತರಿಸಿ 0.3 ಎನ್ನುತ್ತವೆ. ಕೆಲವಕ್ಕೆ ಮುಚ್ಚುಮರೆಯೇ ಇಲ್ಲ. ಹುಡುಗಿಗೆ ಸಿಕ್ಕದ್ದು ಎರಡನೇ ನಮೂನೆಯದು.

ಇರಲಿ, ಪಾಠ ಸಾಕು. ಊಟಕ್ಕೆ ಕೂತಾಗ ಚಿಗವ್ವ ನೀಲವ್ವನಿಗೆ ಒಂದು ಸೌಟು ಮೊಸರು ಹಾಕುವಳು. ನನಗೂ ಒಂದು ಸೌಟು, ಆಮೇಲೆ ತುಸು ಕೊಸರು. ನೀಲವ್ವ ಮುಖ ಉಬ್ಬಿಸುತ್ತಿದ್ದಳು. ಸಂಕಟವಾಗುತ್ತಿದ್ದುದು ಮಾತ್ರ ನನಗೆ. ಕೊಸರು ಹಾಕುವುದು ಯಾರಿಗೆ? ಗಿರಾಕಿಗೆ, ಹೊರಗಿನವರಿಗೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: "ಚಿಗವ್ವಾ, ನಾ ಏನ ಗಿರಾಕಿ ಏನ?"

ಅವಳ ಕೈ ಸೌಟಿನ ಜೊತೆಗೇ ನಿಂತಿತು. "ನಿಮ್ಮವ್ವ ಇದ್ದಿದ್ರ ಎಷ್ಟ ಹಾಕತಿದ್ಳೋ, ನನಗೇನ ಗೊತ್ತವಾ. ಕಡಿಮಿ ಬೀಳಬಾರದಂತ ಹಾಕತೇನಿ. ತಿನ್ನು."

ನನಗೆ ಕೇಳಿಸಿದ್ದು 'ನಿಮ್ಮವ್ವ' ಎಂಬುದೊಂದೇ. ಅಂದರೆ ಇವಳಲ್ಲ. ನೀಲವ್ವ "ಯವ್ವಾ" ಎಂದು ಕೂಗಿದಾಗಲೆಲ್ಲ ಅದು ನನ್ನ ನಾಲಿಗೆಯ ತುದಿಗೂ ಬಂದು ಹಿಂದಕ್ಕೆ ಹೋಗುತ್ತಿತ್ತು. ನನ್ನ ತಲೆ ನೆರೆಯುವ ಹೊತ್ತಿಗೂ ಚಿಗವ್ವ ಚಿಗವ್ವನಾಗಿಯೇ ಇದ್ದಳು.

ಲ್ಯಾಬಿನಲ್ಲಿ ಅವತ್ತು ಹುಡುಗಿಗೆ ಹೇಳುತ್ತಿದ್ದೆ: "ಅದು ಸುಳ್ಳು ಹೇಳಾಕತ್ತಿಲ್ಲವಾ. ತನ್ನ ಮಾಪಿನಾಗ ಎಷ್ಟ ಹತ್ತರ ಹೋಗಾಕ ಬರತೈತೋ ಅಷ್ಟು ಹೋಗೇತಿ." ಹೇಳುತ್ತಲೇ ಚಿಗವ್ವನ ಸೌಟು ಕಣ್ಣ ಮುಂದೆ ಬಂತು. ತಾನು ಕಾಣದ ಒಂದು ಅಳತೆಗೆ ದಿನಾ ಸರಿಗಟ್ಟಲು ನೋಡಿದ ಹೆಂಗಸು ನಾನು ಬೆಳೆದ ಮನೆಯಲ್ಲೇ ಇದ್ದಳಲ್ಲ. ಎಷ್ಟು ಅಂಜಿಕೆ ಇತ್ತೋ ಆ ಜೀವಕ್ಕೆ, ನನಗೆ ಕಡಿಮೆ ಬಿದ್ದೀತೆಂದು!

ರವಿವಾರ ಮುರಗೋಡದ ಬಸ್ಸು ಹತ್ತಿದೆ. ಎಮ್ಮೆಗಳನ್ನು ಈಗ ನೀಲವ್ವ ನೋಡಿಕೊಳ್ಳುತ್ತಾಳೆ. ಚಿಗವ್ವನ ಕೈ ನಡುಗುತ್ತದೆ. ಊಟಕ್ಕೆ ಕೂತಾಗ ಸೌಟು ನಾನೇ ಹಿಡಿದೆ. ಚಿಗವ್ವನ ತಾಟಿಗೆ ಒಂದು ಸೌಟು ಮೊಸರು ಹಾಕಿ, ಮೇಲೆ ಕೊಸರು ಹಾಕಿದೆ. ಅವಳು ತಾಟು ನೋಡಿದಳು, ನನ್ನನ್ನು ನೋಡಿದಳು. ಮುದುಕಿ ಏನೂ ಮರೆತಿರಲಿಲ್ಲ.

"ಯಾಕವಾ, ನಾ ಏನ ಗಿರಾಕಿ ಏನ?"

"ಅಲ್ಲಬೇ, ಯವ್ವಾ."

ನೀಲವ್ವನ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ತಲೆ ಎತ್ತಲಿಲ್ಲ. ತಾಟನ್ನು ಮಾತ್ರ ಮೆಲ್ಲಗೆ ನನ್ನ ಕಡೆ ಸರಿಸಿದಳು.

"ಹಂಗಾರ ಇನ್ನೊಂದೀಟು ಹಾಕು."