ಜೊಹ್ರೆಯ ಗಾಡಿಯ ಕೂಗು

ದಿನದ ಮೊದಲ ತುತ್ತು ಜೊಹ್ರೆಯ ಬಾಯಿಗೆ ಎಂದೂ ಹೋದದ್ದಿಲ್ಲ. ಬೆಳಗಿನ ನಮಾಜು ಮುಗಿಸಿ ಕೊಟ್ಟಿಗೆಗೆ ಹೋಗಿ, ರೊಟ್ಟಿಯ ಅಂಚು ಮುರಿದು ಅರ್ಧ ತನ್ನ ಎತ್ತು ಕರಗೋಜನಿಗೆ, ಅರ್ಧ ಅದರ ಜೋಡಿ ಅಲಾಜನಿಗೆ ಕೊಡುವಳು. ಎತ್ತುಗಳ ಕಿವಿಯಲ್ಲಿ "ಬಿಸ್ಮಿಲ್ಲಾ" ಅಂದ ಮೇಲೆಯೇ ನೊಗ. ಸಾವಿರದ ಒಂಬೈನೂರ ಇಪ್ಪತ್ತೊಂದರ ಬೇಸಿಗೆಯಲ್ಲಿ ಗ್ರೀಕರ ಸೈನ್ಯ ಸಕಾರ್ಯ ನದಿ ದಾಟಿತು. ಫಿರಂಗಿಯ ಸದ್ದು ಅಂಕಾರಾದವರೆಗೂ ಕೇಳತೊಡಗಿತು. ಆಗಲೂ ಅವಳು ಇದನ್ನು ತಪ್ಪಿಸಲಿಲ್ಲ.

ಊರಿನ ಗಂಡಸರೆಲ್ಲ ದಂಡಿಗೆ ಹೋಗಿದ್ದರು. ಫಿರಂಗಿಯ ಗುಂಡು ಸಾಗಿಸುವ ಕೆಲಸ ಹೆಂಗಸರ ಪಾಲಿಗೆ ಬಂತು. ನಮ್ಮ ಕಡೆ ಗಾಡಿಯ ಅಚ್ಚಿಗೆ ಯಾರೂ ಎಣ್ಣೆ ಹಾಕುವುದಿಲ್ಲ. ಮರಕ್ಕೆ ಮರ ಉಜ್ಜಿ ಅದು ಕೂಗಬೇಕು. ಕೂಗು ಕೇಳಿಯೇ ಯಾರ ಗಾಡಿಯೆಂದು ಹೇಳುತ್ತೇವೆ. ಜೊಹ್ರೆಯ ಗಾಡಿಯ ಅಚ್ಚು ಅವಳ ಗಂಡ ವೇಯ್ಸಲ್ ಕೆತ್ತಿದ್ದು. ಯೆಮನ್ನಿನ ದಂಡಿಗೆ ಹೋದವನು ಮರಳಲಿಲ್ಲ. ಹತ್ತು ವರ್ಷದಿಂದ ಮನೆಯಲ್ಲಿ ಅವನದೆಂದು ಉಳಿದಿದ್ದ ದನಿ ಅದೊಂದೇ.

ಗುಡ್ಡದ ಬುಡದ ಕೊರಕಲಲ್ಲಿ ಸಾರ್ಜೆಂಟ್ ನುಮಾನ್ ಗಾಡಿಗಳನ್ನು ತಡೆದ.

"ಅಕ್ಕಾ, ಮೇಲೆ ಉಳಿದಿರೋದು ಒಂಬತ್ತೇ ಗುಂಡು. ಮಧ್ಯಾಹ್ನದೊಳಗೆ ನೀವು ಹತ್ತದಿದ್ರೆ ಗುಡ್ಡ ಹೋಯ್ತು. ಆಮೇಲೆ ಅಂಕಾರಾ ದಾರಿಗೆ ಅಡ್ಡ ನಿಲ್ಲೋರಿಲ್ಲ. ಆದ್ರೆ ಈ ಕಿರುಚಾಟ! ಆಚೆ ದಿಣ್ಣೆಯ ಗ್ರೀಕರಿಗೆ ನಾವು ಕಾಣೋದಿಲ್ಲ, ಕೇಳಿಸ್ತೀವಿ. ನಿನ್ನೆ ಸದ್ದಿಗೇ ಗುರಿಯಿಟ್ಟು ಎರಡು ಗಾಡಿ ಹೊಡೆದ್ರು."

"ಹಂಗಾದ್ರೆ ಎಣ್ಣೆ ಕೊಡು," ಅಂದಳು ಹಿಂದಿನ ಗಾಡಿಯ ಹೂರಿಯೆ.

"ಎಣ್ಣೆ ಇದ್ದಿದ್ರೆ ನಮ್ಮ ಹುಡುಗ್ರು ಗಂಜಿಗೆ ಹಾಕ್ಕೊಂಡು ಕುಡೀತಿದ್ರು ತಾಯಿ."

ಜೊಹ್ರೆ ತನ್ನ ಗಂಟು ಬಿಚ್ಚಿದಳು. ಅದರಲ್ಲಿ ಮಡಿಸಿದ ಬಿಳಿ ಬಟ್ಟೆ, ಒಂದು ಗಟ್ಟಿ ಸಾಬೂನು.

"ಅಯ್ಯೋ, ಅದು ನಿನ್ನ ಹೆಣ ತೊಳೆಯೋಕೆ ಇಟ್ಟಿದ್ದಲ್ವೇನೇ?" ಅಂದಳು ಹೂರಿಯೆ.

"ನನ್ನ ಹೆಣಕ್ಕೆ ಬರೀ ಮಣ್ಣು ಸವರಿದ್ರೂ ಅಲ್ಲಾಹ್ ಬೇಡ ಅನ್ನಲ್ಲ. ಕೈ ಚಾಚು."

ಸಾಬೂನನ್ನು ತುಂಡು ಮಾಡಿ ಹಂಚಿದಳು. ತನ್ನ ಅಚ್ಚಿಗೆ ಉಜ್ಜುವಾಗ ಮಾತ್ರ ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಗಾಡಿ ಹೊರಟಿತು, ಸದ್ದೇ ಇಲ್ಲ. ನಾಲ್ಕು ಹೆಜ್ಜೆಗೆ ಎತ್ತುಗಳು ನಿಂತುಬಿಟ್ಟವು. ಬೆನ್ನ ಹಿಂದಿನ ಕೂಗು ಕೇಳದೆ ಅವು ನಡೆದು ಗೊತ್ತಿಲ್ಲ; ಇದು ಯಾರಿಗೂ ಹೊಳೆದಿರಲಿಲ್ಲ. ಎಳೆದರೂ ಬರಲಿಲ್ಲ, ಬಡಿದರೂ ಬರಲಿಲ್ಲ. ಹೊತ್ತು ನೆತ್ತಿಗೇರುತ್ತಿತ್ತು.

"ವೇಯ್ಸಲ್ ದನಿ ಕೇಳದೆ ಹೆಜ್ಜೆ ಇಡಲ್ವಂತೆ. ಒಡತಿಗೆ ತಕ್ಕ ಎತ್ತು!" ಹೂರಿಯೆ ಅಳುತ್ತಲೇ ಗೊಣಗಿದಳು.

ಜೊಹ್ರೆ ತಟ್ಟನೆ ಎರಡು ಎತ್ತುಗಳ ನಡುವೆ ಬಗ್ಗಿದಳು. ತುಟಿ ಬಿಗಿದು ಗಂಟಲೊಳಗೇ ಅಚ್ಚಿನ ಕೂಗು ಹೊರಡಿಸಿದಳು. ಏರಿನಲ್ಲಿ ಅದು ಹೇಗೆ ನರಳುತ್ತದೆ, ಕಲ್ಲು ಸಿಕ್ಕರೆ ಹೇಗೆ ಮುರಿದು ಮತ್ತೆ ಎತ್ತಿಕೊಳ್ಳುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ. ಕರಗೋಜ ಕಿವಿ ನಿಮಿರಿಸಿದ. ಗಾಡಿ ಅಲ್ಲಾಡಿತು. ಹಿಂದೆ ಒಬ್ಬೊಬ್ಬಳೂ ತನ್ನ ತನ್ನ ಗಾಡಿಯ ದನಿಯನ್ನು ಎತ್ತಿನ ಕಿವಿಗಷ್ಟೇ ಕೇಳುವಂತೆ ಗುನುಗಿದಳು. ಹಾಗೆ ಬಗ್ಗಿಕೊಂಡೇ ಎರಡು ಮೈಲಿ ಗುಡ್ಡ ಹತ್ತಿದರು. ಮಧ್ಯಾಹ್ನ ನಮ್ಮ ಫಿರಂಗಿಗಳು ಬಾಯಿಬಿಟ್ಟವು.

ಶತ್ರು ನದಿಯಾಚೆ ಹಿಮ್ಮೆಟ್ಟಿದ ಮೇಲೆ ನುಮಾನ್ ಊರಿಗೆ ಬಂದ. ಜೊಹ್ರೆ ಅಂಗಳದಲ್ಲಿ ಸಾಬೂನಿನ ಜಿಡ್ಡು ಹೋಗಲೆಂದು ಬೂದಿ, ಮರಳು ಹಾಕಿ ಅಚ್ಚನ್ನು ಉಜ್ಜುತ್ತಿದ್ದಳು.

"ಅಕ್ಕಾ, ಕಬ್ಬಿಣದ ಅಚ್ಚಿನ ಕುದುರೆಗಾಡಿ ಒಂದು ನಮ್ಮ ಕೈಗೆ ಸಿಕ್ಕಿದೆ. ನಿನಗೇ ಅಂತ ಮೇಲಿನೋರನ್ನ ಒಪ್ಪಿಸಿ ತಂದಿದ್ದೀನಿ. ಬೆಣ್ಣೆ ಜಾರಿದ ಹಾಗೆ ಹೋಗುತ್ತೆ."

"ಹೂರಿಯೆಗೆ ಕೊಡಪ್ಪಾ, ಅವಳ ಗಾಡಿ ಗುಡ್ಡದ ಮೇಲೇ ಮುರೀತು," ಅಂದಳು ಜೊಹ್ರೆ, ತಲೆ ಎತ್ತದೆ. "ನನ್ನದು ಇವತ್ತು ಬೆಳಿಗ್ಗೆ ಒಂಚೂರು ದನಿ ತೆಗೆದಿದೆ."