ಕೊನೆಯ ನಾಲ್ಕು ಗುಳಿ ಮತ್ತು ಹೊಂಗೆದೊಡ್ಡಿಯ ಬೇಲಿ

ಗಾಲ್ಫ್ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ: ಹದಿನೆಂಟು ಗುಳಿಗಳಿರುತ್ತವೆ, ಒಂದೊಂದಕ್ಕೂ ಚೆಂಡನ್ನು ದೂರದಿಂದ ಹೊಡೆದುಕೊಂಡು ಬರಬೇಕು, ಎಷ್ಟು ಕಡಿಮೆ ಹೊಡೆತದಲ್ಲಿ ಬಂದಿರೋ ಅಷ್ಟು ಜಾಣರು. ಇಷ್ಟು ತಿಳಿದುಕೊಂಡು ಆ ಆಟದ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಲು ನನಗೆ ಸಂಕೋಚವಿಲ್ಲ. ಕಾಲೇಜಿನ ವರ್ಷಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಇದಕ್ಕಿಂತ ಕಡಿಮೆ ತಿಳಿದುಕೊಂಡು ಅಣುಶಕ್ತಿಯ ಪರವಾಗಿ ಬೆಳಿಗ್ಗೆ, ವಿರುದ್ಧವಾಗಿ ಮಧ್ಯಾಹ್ನ ಮಾತಾಡಿ, ಎರಡಕ್ಕೂ ಕಪ್ ತಂದಿದ್ದೇನೆ.

ಗಾಲ್ಫ್ ಆಡುವವರಲ್ಲಿ ಒಂದು ನಂಬಿಕೆಯಿದೆ. ಮೊದಲ ಹದಿನಾಲ್ಕು ಗುಳಿಗಳನ್ನು ಯಾರು ಬೇಕಾದರೂ ಆಡುತ್ತಾರಂತೆ. ಮನುಷ್ಯ ಎಂಥವನೆಂದು ಗೊತ್ತಾಗುವುದು ಕೊನೆಯ ನಾಲ್ಕರಲ್ಲಂತೆ. ಇದನ್ನು ಹೇಳುವವರು ಸ್ವಲ್ಪ ಹೊತ್ತು ದಿಗಂತದ ಕಡೆ ನೋಡುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ಗುಳಿಯಲ್ಲಿ ಹೊಡೆದದ್ದೂ ಒಂದು ಹೊಡೆತ, ಕೊನೆಯದರಲ್ಲಿ ಹೊಡೆದದ್ದೂ ಒಂದೇ ಹೊಡೆತ. ತಾನು ಎಷ್ಟನೆಯ ಗುಳಿಗೆ ಹೋಗುತ್ತಿದ್ದೇನೆಂದು ಚೆಂಡಿಗೆ ಗೊತ್ತಿಲ್ಲ. ಆದ್ದರಿಂದ ಕೊನೆ ಎಂಬುದು ಎಣಿಸುವವರ ಕಲ್ಪನೆ. ವಾದ ಇಲ್ಲಿಗೆ ಮುಗಿಯಬೇಕಿತ್ತು.

ಆದರೆ ನಮ್ಮ ಕಡೆಯವರಿಗೆ ಕೊನೆ ಅಂದರೆ ಮೊದಲಿನಿಂದಲೂ ಆಗದು. ಮನೆಯಿಂದ ಹೊರಟವರು ಹೋಗುತ್ತೇನೆ ಅನ್ನುವುದಿಲ್ಲ, ಬತ್ತೀನಿ ಅನ್ನುತ್ತಾರೆ. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ರಾಮನಗರದಲ್ಲಿ ನಮ್ಮ ಪಕ್ಕದ ಮನೆಯ ಮುನೀರ್ ಚಾಚಾ ರೇಷ್ಮೆ ನೂಲು ತೆಗೆಯುವವರು. ಗೂಡಿನ ಎಳೆ ಬರಬರುತ್ತ ತೆಳ್ಳಗಾಗುತ್ತದೆ. ಅದು ಕೈಕೊಡುವ ಮುಂಚೆಯೇ ಅವರು ಹೊಸ ಗೂಡಿನ ಎಳೆ ಸೇರಿಸಿಬಿಡುತ್ತಾರೆ. ಹೀಗಾಗಿ ಅವರ ನೂಲಿಗೆ ಕೊನೆಯೆಂಬುದೇ ಬರುವುದಿಲ್ಲ. ಒಂದು ಗೂಡನ್ನಾದರೂ ಪೂರ್ತಿ ಎಳೆದು ನೋಡಬಾರದೇ ಎಂದು ಒಮ್ಮೆ ತಾತ್ವಿಕವಾಗಿ ಕೇಳಿದ್ದೆ. "ಆಖ್ರೀ ತನಕ ಎಳುದ್ರೆ ಏನ್ ಸಿಕ್ತದೆ ಬೇಟಾ? ಹುಳ ಸಿಕ್ತದೆ" ಎಂದರು. ಗಾಲ್ಫಿನಲ್ಲಿ ಹೀಗೆ ಹೊಸ ಎಳೆ ಸೇರಿಸುವ ಸೌಕರ್ಯವಿಲ್ಲ. ಹುಳದ ತನಕ ಹೋಗಲೇಬೇಕು.

ಇಷ್ಟೆಲ್ಲ ಯೋಚಿಸುವಂತೆ ಮಾಡಿದ್ದು ನಮ್ಮ ಭಾವ, ಅಂದರೆ ನನ್ನ ಅಕ್ಕ ನಾಗಮಣಿಯ ಗಂಡ ಸಿದ್ದರಾಜು. ಹಾರೋಹಳ್ಳಿ ದಾಟಿ ಕನಕಪುರದ ಕಡೆ ಹೋದರೆ ಹೊಂಗೆದೊಡ್ಡಿ ಅವರ ಊರು. ಊರ ಪಕ್ಕ ಗಾಲ್ಫ್ ಮೈದಾನ ಬಂದಾಗ ಹುಲ್ಲು ಕತ್ತರಿಸುವ ಕೆಲಸಕ್ಕೆ ಸೇರಿದರು. ಸೋಮವಾರ ಮೈದಾನಕ್ಕೆ ರಜ. ಆವತ್ತು ಕೆಲಸಗಾರರು ಆಡಬಹುದು. ಯಾರೋ ಬಿಟ್ಟುಹೋದ ಕೋಲುಗಳಲ್ಲಿ ಆಡುತ್ತ ಆಡುತ್ತ ಭಾವ ಅಲ್ಲಿನ ಸದಸ್ಯರಿಗಿಂತ ಚೆನ್ನಾಗಿ ಆಡತೊಡಗಿದರು. ಅದಕ್ಕಿಂತ ಹೆಚ್ಚಾಗಿ, ಕಲಿಸತೊಡಗಿದರು. ಕನಕಪುರದ ಬಸ್ಸಿನಲ್ಲಿ ಪಕ್ಕದವನ ಛತ್ರಿ ಇಸಿದುಕೊಂಡು ಹಿಡಿತ ಹೇಗಿರಬೇಕೆಂದು ತೋರಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಪಕ್ಕದವನು ಬೆಂಡೇಕಾಯಿ ಮಾರಿ ಬರುತ್ತಿದ್ದವನು. ಎರಡು ಸ್ಟಾಪು ಕಳೆಯುವುದರೊಳಗೆ ಅವನ ಹೆಬ್ಬೆರಳು ಸರಿಯಾದ ಜಾಗಕ್ಕೆ ಬಂದಿತ್ತು.

ಮೈದಾನದಲ್ಲಿ ಕೋಚ್ ಕೆಲಸ ಖಾಲಿಯಿತ್ತು. ಅದಕ್ಕೊಂದು ಪರೀಕ್ಷೆ. ಬೆಂಗಳೂರಿಂದ ಬಂದ ಪರೀಕ್ಷಕರ ಎದುರಿಗೆ ಹದಿನೆಂಟು ಗುಳಿಗಳನ್ನು ಎಂಬತ್ತು ಹೊಡೆತ ಮೀರದಂತೆ ಮುಗಿಸಬೇಕು. ಭಾವ ಎರಡು ಸಲ ಕೂತು ಎರಡು ಸಲವೂ ಫೇಲಾಗಿದ್ದರು. ಹದಿನಾಲ್ಕನೆಯ ಗುಳಿಯ ತನಕ ರಾಜನ ಹಾಗೆ ಬಂದು, ಕೊನೆಯ ನಾಲ್ಕರಲ್ಲಿ ದಿಕ್ಕೆಟ್ಟು ಹೋದರು. ಮೂರನೆಯ ಸಲವೂ ಆಗದಿದ್ದರೆ ಬೇರೆಯವರನ್ನು ತರುತ್ತೇವೆ, ಆಮೇಲೆ ಈ ಮಾತು ಎತ್ತಬೇಡ ಎಂದು ಮ್ಯಾನೇಜರು ಹೇಳಿದ್ದರು. ಭಾವ ಊಟ ಕಡಿಮೆ ಮಾಡಿದರು. ಛತ್ರಿ ಮುಟ್ಟುವುದನ್ನೂ ಬಿಟ್ಟರು.

ಕಾರಣಕ್ಕೇನೂ ಬರವಿರಲಿಲ್ಲ. ಅಕ್ಕನ ಪ್ರಕಾರ ದೃಷ್ಟಿ. ಕೆಂಗಲ್ ಆಂಜನೇಯನಿಗೆ ಹರಕೆ ಹೊತ್ತಳು. ಮ್ಯಾನೇಜರ ಪ್ರಕಾರ ಸುಸ್ತು. ಬಾಳೆಹಣ್ಣು ತಿನ್ನಲು ಹೇಳಿದರು. ಇಬ್ಬರೂ ಕಾರಣ ಹುಡುಕುತ್ತಿದ್ದರೇ ಹೊರತು ಆ ನಾಲ್ಕು ಗುಳಿಗಳ ಹತ್ತಿರ ನಿಂತು ನೋಡಿರಲಿಲ್ಲ. ನಾನು ಒಂದು ಸೋಮವಾರ ಹೋಗಿ ನೋಡಿದೆ. ನೋಡಿದ ಕೂಡಲೇ ತಿಳಿಯಿತು. ಹದಿನೈದನೆಯ ಗುಳಿಯಿಂದ ಹದಿನೆಂಟರವರೆಗೆ ಮೈದಾನದ ಒಂದು ಬದಿಗೆ ತಂತಿಬೇಲಿ. ಬೇಲಿಯ ಆಚೆಗೆ ಹೊಂಗೆದೊಡ್ಡಿ.

ಭಾವ ಕೋಲು ಎತ್ತಿದರು. ಬೇಲಿಯ ಆಚೆಯಿಂದ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬರು, "ಏನ್ಲಾ ಸಿದ್ರಾಜ, ಇಟ್ಟುಂಡ್ಯಾ?" ಎಂದರು. ಇಟ್ಟು ಅಂದರೆ ಮುದ್ದೆ. ಭಾವ ಕೋಲು ಇಳಿಸಿ, ಬೇಲಿಯ ಕಡೆ ತಿರುಗಿ, "ಆಯ್ತಣ್ಣ, ನಿಮ್ದು?" ಎಂದರು. ಮತ್ತೆ ಕೋಲು ಎತ್ತಿದರು. ಈ ಸಲ ದೊಡ್ಡವ್ವ ಪುಟ್ಟತಾಯಮ್ಮ. ತಾಯಿಯಿಲ್ಲದ ಭಾವನನ್ನು ಸಾಕಿದವರು, ಆದ್ದರಿಂದ ಬೇಲಿಯ ಹತ್ತಿರಕ್ಕೇ ಹೋಗಿ ಉತ್ತರಿಸಬೇಕಾಯಿತು. "ಏನ್ ಸಾರು?" ಎಂದು ಅವರು ಮುಂದುವರಿಸಿದರು. "ಉಪ್ಸಾರು." "ಯಾವ್ ಸೊಪ್ಪು?" ವಿಚಾರಣೆ ಮುಗಿಸಿ ಬಂದು ಹೊಡೆದರೆ ಚೆಂಡು ನೆಟ್ಟಗೆ ಮೈದಾನದ ಹೊಂಡದ ನೀರಿಗೆ ಹೋಯಿತು.

"ಭಾವ, ಉತ್ತರ ಕೊಡದೆ ಹೊಡೀಬಾರದಾ?" ಎಂದೆ.

ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನು ಚೆಂಡು ಕದಿಯಲು ಹೇಳಿದ್ದೆನೋ ಎಂಬಂತೆ. "ಉಂಡ್ಯಾ ಅಂದೋರ್ಗೆ ಮುಖ ತಿರುಗ್ಸುದ್ರೆ ಮನ್ಸನಾ ನಾನು? ಕೋಚ್ ಆಗೋಕ್ ಮುಂಚೆನೇ ಕೊಬ್ಬು ಬಂದ್ಬುಡ್ತು ಅಂತಾರೆ ಕಣಮ್ಮ."

ಭಾವನನ್ನು ಬದಲಿಸಲಾಗದು. ಊರನ್ನು ಬದಲಿಸಬಹುದು ಎಂದುಕೊಂಡೆ. ಇದು ವಾದ ಕಲಿತವರಿಗೆ ಮಾತ್ರ ಬರುವ ಯೋಚನೆ. ಪರೀಕ್ಷೆಗೆ ಎರಡು ದಿನ ಮುಂಚೆ, ಭಾವನಿಗೆ ಹೇಳದೆ, ಸಂಜೆ ಹಾಲು ಹಾಕುವ ಹೊತ್ತಿಗೆ ಹೊಂಗೆದೊಡ್ಡಿಯ ಡೈರಿಯ ಮುಂದೆ ನಿಂತೆ. ವಿಷಯ ಮಂಡಿಸಿದೆ. ಸಭೆ ಕ್ಯಾನು ಕೆಳಗಿಟ್ಟು ಕೇಳಿತು.

"ನಾವ್ ಮಾತಾಡ್ಸುದ್ರೆ ಚೆಂಡ್‌ಗೇನ್ ಕಿವಿ ಐತಾ?" ಎಂದು ಕುರಿಯ ಯಜಮಾನರು ಕೇಳಿದರು. ಒಳ್ಳೆಯ ವಾದ. ನಾನೇ ಎತ್ತಬೇಕಾಗಿದ್ದ ವಾದ.

"ಚೆಂಡಿಗಿಲ್ಲ, ಹೊಡೆಯೋರಿಗೆ ಐತಲ್ಲ" ಎಂದೆ.

"ನಿನ್ ಭಾವ ಉಪಾಸ ಇದ್ರೆ ಕೇಳೋದ್ ಬ್ಯಾಡ್ವಾ ಲಾಯರಮ್ಮ?" ಇದು ಪುಟ್ಟತಾಯಮ್ಮ.

ನಾನು ಕೋರ್ಟು, ದೇವಸ್ಥಾನ, ಎಸ್ಸೆಸ್ಸೆಲ್ಸಿ ಪರೀಕ್ಷೆ, ಮೂರರ ಉದಾಹರಣೆ ಕೊಟ್ಟೆ. ಪ್ರೀತಿ ಎಂದರೆ ಕೆಲವೊಮ್ಮೆ ಸುಮ್ಮನಿರುವುದು ಎಂಬ ಒಂದು ವಾಕ್ಯವನ್ನೂ ಬಳಸಿದೆ. ಅದು ಅಂತರಕಾಲೇಜು ಮಟ್ಟದಲ್ಲಿ ಎಂದೂ ಸೋತಿರಲಿಲ್ಲ. ಇಲ್ಲೂ ಸೋಲಲಿಲ್ಲ. "ಆಯ್ತು ಬುಡವ್ವ, ಉಸ್ರೆತ್ತಕ್ಕಿಲ್ಲ. ಚಪ್ಪಾಳೆನೂ ತಟ್ಟಕ್ಕಿಲ್ಲ" ಎಂದರು ಕುರಿಯ ಯಜಮಾನರು, ಎಲ್ಲರ ಪರವಾಗಿ. ಪುಟ್ಟತಾಯಮ್ಮ ಮಾತ್ರ ಏನೂ ಹೇಳದೆ ಖಾಲಿ ಚೊಂಬು ತೆಗೆದುಕೊಂಡು ಹೋದರು. ಮೌನ ಸಮ್ಮತಿಯ ಲಕ್ಷಣವೆಂದು ನಾನು ದಾಖಲಿಸಿಕೊಂಡೆ.

ಪರೀಕ್ಷೆಯ ದಿನ ಕೋಲುಗಳ ಚೀಲ ಎಳೆಯಲು ಒಬ್ಬರು ಜೊತೆಗಿರಬಹುದಿತ್ತು, ನಾನು ಹೋದೆ. ಪರೀಕ್ಷಕರು ಸಣ್ಣಗಿದ್ದ, ಬಿಳಿ ಟೋಪಿ ಹಾಕಿದ್ದ, ಮಾತಾಡದ ಮನುಷ್ಯ. ಭಾವ ಚೆನ್ನಾಗಿ ಆಡಿದರು. ಹದಿನಾಲ್ಕು ಮುಗಿದಾಗ ಕೈಯಲ್ಲಿ ನಾಲ್ಕು ಹೊಡೆತ ಉಳಿಕೆ. ಅಂದರೆ ಉಳಿದ ಗುಳಿಗಳಲ್ಲಿ ಗೊತ್ತುಪಡಿಸಿದ್ದಕ್ಕಿಂತ ಒಟ್ಟು ನಾಲ್ಕು ಹೊಡೆತ ಹೆಚ್ಚಾದರೂ ಪಾಸು. ಮಧ್ಯಾಹ್ನದ ಹೊತ್ತು. ಬೇಲಿಯ ಕಡೆ ತಿರುಗಿದೆವು.

ಇಡೀ ಊರು ಬಂದು ನಿಂತಿತ್ತು. ಕುರಿಗಳನ್ನು ಕಟ್ಟಿಹಾಕಿ, ಮುಖ ತೊಳೆದುಕೊಂಡು, ಹೆಂಗಸರು ಸೆರಗು ಹೊದ್ದು, ಸಾಲಾಗಿ. ಕೊಟ್ಟ ಮಾತಿನಂತೆ ಒಬ್ಬರೂ ಉಸಿರೆತ್ತಲಿಲ್ಲ. ಭಾವ ಅವರನ್ನು ನೋಡಿದರು. ಅವರು ಭಾವನನ್ನು ನೋಡಿದರು. ನನಗೆ ಹೆಮ್ಮೆಯೆನಿಸಿತು.

"ಯಾರ್ ಹೋದ್ರು?" ಎಂದರು ಭಾವ ಪಿಸುಮಾತಿನಲ್ಲಿ.

"ಯಾರೂ ಹೋಗಿಲ್ಲ ಭಾವ."

"ಸುಳ್ಳೇಳ್ಬ್ಯಾಡ. ಆಟ ಮುಗೀಲಿ ಅಂತ ಮುಚ್ಚಿಟ್ಟವ್ರೆ." ಚೆಂಡು ಹೊಡೆದರು. ಅದು ಎಡಕ್ಕೆ ಪೊದೆಯೊಳಗೆ ಹೋಯಿತು. ಅವರು ಅದನ್ನು ನೋಡಲೇ ಇಲ್ಲ; ಬೇಲಿಯ ಉದ್ದಕ್ಕೂ ಮುಖಗಳನ್ನು ನೋಡುತ್ತಿದ್ದರು. "ದೊಡ್ಡವ್ವ ಎಲ್ಲಿ?"

ನಾನೂ ನೋಡಿದೆ. ಪುಟ್ಟತಾಯಮ್ಮ ಇರಲಿಲ್ಲ.

"ನಾನೇ ಎಲ್ಲರಿಗೂ ಸುಮ್ಮನಿರಿ ಅಂತ ಹೇಳಿದ್ದು, ಭಾವ."

"ನೀನ್ ಹೇಳುದ್ರೆ ನಮ್ಮೂರು ಸುಮ್ನಾಗ್ತದಾ?" ಎಂದರು. ನಾನು ಗೆದ್ದ ವಾದಗಳಲ್ಲಿ ಅದೊಂದನ್ನು ಸಾಬೀತು ಮಾಡಲು ಮಾತ್ರ ನನ್ನ ಹತ್ತಿರ ಪುರಾವೆಯಿರಲಿಲ್ಲ. ಬೇಲಿಯ ಕಡೆ ಕೈಯಾಡಿಸಿ, ಮಾತಾಡಿ ಮಾತಾಡಿ ಎಂದು ಸನ್ನೆ ಮಾಡಿದೆ. ಇನ್ನೂ ಸುಮ್ಮನಿರಬೇಕೆಂದು ತಿಳಿದು ಅವರು ಬಾಯಿಗೆ ಸೆರಗು ಒತ್ತಿಕೊಂಡರು. ಅದನ್ನು ನೋಡಿ ಭಾವನಿಗೆ ಊರಲ್ಲಿ ಸಾವಾಗಿರುವುದು ಖಾತ್ರಿಯಾಯಿತು. ಉಳಿಕೆಯ ನಾಲ್ಕರಲ್ಲಿ ಎರಡು ಹೊಡೆತ ಹದಿನೈದರಲ್ಲೇ ಹೋಯಿತು. ಹದಿನಾರರಲ್ಲಿ ಇನ್ನೆರಡು. ಉಳಿಕೆ ಸೊನ್ನೆ. ಪರೀಕ್ಷಕರು ಟೋಪಿ ಸರಿಪಡಿಸಿಕೊಂಡರು. ಭಾವ ಕೋಲು ಚೀಲಕ್ಕೆ ಹಾಕಿ, "ಸಾಕು, ಮನೆಗ್ ಹೋಗನ" ಎಂದರು.

ಆಗ ಹೊಂಗೆಮರದ ಹಿಂದಿನಿಂದ ಪುಟ್ಟತಾಯಮ್ಮ ಬಂದರು. ಕೈಯೆಲ್ಲ ರಾಗಿ ಹಿಟ್ಟು. ಬೇಲಿಯ ತಂತಿ ಹಿಡಿದುಕೊಂಡು ಕೂಗಿದರು: "ಏನ್ಲಾ ಸಿದ್ರಾಜ! ಊರ್ಗೂರೇ ಬಂದ್ ನಿಂತೈತೆ, ಒಂದ್ ಮಾತಾಡ್ಸಕ್ಕಾಗಕ್ಕಿಲ್ವಾ? ನಾವೇನ್ ಸತ್ತೋಗಿದ್ದೀವಾ?"

ಭಾವ ಚೀಲ ಬಿಟ್ಟು ಓಡಿದರು. "ಇಲ್ಲ ದೊಡ್ಡವ್ವ, ಇಲ್ಲ" ಎಂದು ಏನನ್ನು ಅಲ್ಲಗಳೆಯುತ್ತಿದ್ದಾರೆಂದು ಅವರಿಗೇ ಗೊತ್ತಿಲ್ಲದಂತೆ ಹೇಳಿದರು. ಆಮೇಲೆ, ಯಾರೂ ಕೇಳುವ ಮುಂಚೆ, ಬೇಲಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ, "ಎಲ್ರುದ್ದೂ ಊಟ ಆಯ್ತೇನ್ರಪ್ಪಾ?" ಎಂದರು.

ಕಟ್ಟೆ ಒಡೆಯಿತು. ಆಯ್ತು ಎಂದವರು, ಇಲ್ಲ ಎಂದವರು, ನಿಂದು ಎಂದವರು. "ಇದೊಂದು ಆಗೋಗ್ಲಿ, ಬತ್ತೀನಿ" ಎಂದು ಎಲ್ಲರಿಗೂ ಸೇರಿಸಿ ಒಂದೇ ಉತ್ತರ ಕೊಟ್ಟು ಭಾವ ಹಿಂದಿರುಗಿದರು. ಬರುವಾಗ ಅವರ ಭುಜ ಒಂದು ಗೇಣು ಕೆಳಗಿಳಿದಿತ್ತು.

ಅಲ್ಲಿಂದ ಮುಂದೆ ಗದ್ದಲವೋ ಗದ್ದಲ. ಯಾರ ಮೇಕೆ ಯಾರ ಹಿಪ್ಪುನೇರಳೆ ತಿಂತು, ಮಾಗಡಿಯ ಬೀಗರು ಯಾಕೆ ಬರಲಿಲ್ಲ. ಪರೀಕ್ಷಕರು ಶಾಂತಿ ಬೇಡಿ ಕೈ ಎತ್ತಿದರು. "ಇರ್ಲಿ ಬುಡಿ ಸಾರ್, ಮಾತಾಡ್ಕಳ್ಲಿ" ಎಂದರು ಭಾವ. ಹದಿನೇಳನ್ನು ಒಂದೂ ತಪ್ಪಿಲ್ಲದೆ ಮುಗಿಸಿದರು. ಹದಿನೆಂಟರಲ್ಲಿ ಕೊನೆಗೆ ಉಳಿದದ್ದು ಒಂದು ಮಂಚದುದ್ದದ ಹೊಡೆತ. ಮೇಕೆಯ ವಿಚಾರ ಬೈಗುಳಕ್ಕೆ ತಿರುಗಿದ ಹೊತ್ತಿಗೆ ಸರಿಯಾಗಿ ಭಾವ ಚೆಂಡನ್ನು ಮೆಲ್ಲಗೆ ತಳ್ಳಿದರು. ಅದು ಗುಳಿಯ ಅಂಚಿನಲ್ಲಿ ಒಂದು ಸುತ್ತು ಯೋಚಿಸಿ ಒಳಗೆ ಬಿತ್ತು.

ಪರೀಕ್ಷಕರು ಎರಡು ಸಲ ಕೂಡಿದರು. ಎಂಬತ್ತು. ಕೈ ಕುಲುಕಿ, ಅಭಿನಂದನೆ ಕೋಚ್ ಎಂದರು. ಭಾವ ಆ ಕೈಯನ್ನು ಬಿಡದೆ, ನಿಮ್ಮ ಹೆಬ್ಬೆರಳು ಒಸಿ ಮೇಲೈತೆ ಸಾರ್ ಎಂದರು.

"ಆ ಟೋಪಿ ಅಯ್ಯಂದು ಆಯ್ತಾ ಊಟ?" ಎಂದು ಬೇಲಿಯಿಂದ ಪುಟ್ಟತಾಯಮ್ಮ ಕೇಳಿದರು. ಪರೀಕ್ಷಕರು ಗಡಿಯಾರ ನೋಡಿಕೊಂಡು, ಬಹಳ ದಿನದಿಂದ ಯಾರೂ ಕೇಳಿಲ್ಲವೆಂಬ ದನಿಯಲ್ಲಿ, ಇಲ್ಲ ಎಂದರು. ಅವತ್ತು ದೊಡ್ಡವ್ವ ತಡವಾಗಿ ಬಂದದ್ದು ಬರುವವರಿಗೆಲ್ಲ ಮುದ್ದೆ ತೊಳಸುತ್ತಿದ್ದರಿಂದ. ಪಾಸಾದರೂ ಫೇಲಾದರೂ ಉಣ್ಣಬೇಕಲ್ಲ.

ಅವರ ಜಗುಲಿಯ ಮೇಲೆ ಎಲ್ಲರೂ ಸಾಲಾಗಿ ಕೂತರು. ಮ್ಯಾನೇಜರು ಬಂದರು, ಊಟ ಆಯ್ತಾ ಎಂದು ಅವರನ್ನೂ ಕೇಳಿದರು. ಹಾದಿಯಲ್ಲಿ ಹೋಗುತ್ತಿದ್ದ ಲೈನ್‌ಮ್ಯಾನನ್ನೂ ಕೇಳಿದರು. ನನ್ನನ್ನು ಯಾರೂ ಕೇಳಲಿಲ್ಲ. ಇಡೀ ಊರಿನ ಬಾಯಿ ಕಟ್ಟಿಸಿದವಳು ನಾನು. ಅವರ ಕಡೆಗೂ ನ್ಯಾಯವಿತ್ತು. ಕಂಬಕ್ಕೆ ಒರಗಿ ನಿಂತು, ನನ್ನ ಪರವಾಗಿ ಹೇಳಬಹುದಾದ ಮೂರು ಅಂಶಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮೂರೂ ಗಟ್ಟಿಯಾಗಿದ್ದವು. ಪುಟ್ಟತಾಯಮ್ಮ ಸಾರಿನ ಪಾತ್ರೆ ಹಿಡಿದು ನನ್ನನ್ನು ದಾಟಿ ಹೋದರು, ದಾಟಿ ಬಂದರು.

ಮೂರನೆಯ ಸಲ ದಾಟುವಾಗ ಕೇಳಿದೆ: "ದೊಡ್ಡವ್ವ, ನಿಮ್ದು ಆಯ್ತಾ ಊಟ?"

ಅವರು ನಿಂತರು. ಮುಖ ಇನ್ನೂ ಬಿಗಿಯಾಗಿಯೇ ಇತ್ತು. ಆದರೆ ಕೇಳಿದ್ದಕ್ಕೆ ಉತ್ತರ ಕೊಡದೆ ಹೋಗುವ ಹೆಂಗಸಲ್ಲ ಅವರು.

"ಇನ್ನೂ ಇಲ್ಲ ಕಣವ್ವ. ನಿಂದು?"